ಇಪ್ಪತ್ತೆರಡು ಕೊಕ್ಕುಗಳು

ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷ ಬಾಕಿ ಇತ್ತು. ಬಸವನ ಬಾಗೇವಾಡಿ ತಾಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಅದಕ್ಕೂ ಮೊದಲು ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರೂ ಕಡೆ ಕೆಲಸ ಮಾಡಿ ಬಂದವನು. ಈ ನಾಲ್ಕು ತಾಲೂಕಿನ ಯಾವ ಹಳ್ಳಿಗೆ ಹೋದರೂ ಕರೆದು ಚಹಾ ಕೊಡುವ ಒಂದಾದರೂ ಮನೆ ನನಗಿದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅಡ್ಡ ತಿರುಗಿದ ಕರುವನ್ನು ಹೊರತೆಗೆದದ್ದು, ಹಾವು ಕಡಿದ ಎತ್ತನ್ನು ಉಳಿಸಿದ್ದು, ಇಂಥವನ್ನೆಲ್ಲ ಮದುವೆ ಮನೆಗಳಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಕೋಳಿಯ ಈ ಪ್ರಕರಣವನ್ನು ಮಾತ್ರ ಹೋದ ವರ್ಷದವರೆಗೆ ಹೆಂಡತಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ. ಬರೆಯಲೂ ನಾಚಿಕೆಯೇ, ಆದರೂ ಬರೆಯುತ್ತಿದ್ದೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಿತ್ತಲಲ್ಲಿ ಸಾಕುವ ನಾಟಿ ಕೋಳಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ನಮ್ಮದು ತುಳಸಿಕಟ್ಟೆಯ ಮನೆ. ಒಳಗೆ ಮರಾಠಿ, ಹೊರಗೆ ಕನ್ನಡ. ಅಂಗಳದಲ್ಲಿ ಆಕಳು ಇತ್ತು, ಕೋಳಿ ಇರಲಿಲ್ಲ. ಪಕ್ಕದ ಓಣಿಯ ಕೋಳಿ ತಪ್ಪಿ ಬಂದರೆ ನಮ್ಮ ಅಜ್ಜಿ ಕೋಲು ಹಿಡಿದು ಓಡಿಸಿ, ಅದು ಕಾಲಿಟ್ಟ ಕಡೆ ನೀರು ಚಿಮುಕಿಸುತ್ತಿದ್ದಳು. ಕಾಲೇಜಿನಲ್ಲಿ ಕೋಳಿಯ ಬಗ್ಗೆ ಓದಿ ಪಾಸಾದೆ. ನೌಕರಿಗೆ ಸೇರಿದ ಮೇಲೆ ನೋಡಿದ್ದು ಝಳಕಿ ಕಡೆ ಹೆದ್ದಾರಿ ಬದಿಯ ಫಾರ್ಮುಗಳನ್ನು. ಉದ್ದನೆಯ ಶೆಡ್, ಒಂದೇ ವಯಸ್ಸಿನ ಸಾವಿರಗಟ್ಟಲೆ ಬಿಳಿ ಕೋಳಿ, ಚೀಲದಿಂದ ಸುರಿಯುವ ಆಹಾರ. ಇಷ್ಟು ನೋಡಿಯೇ ನಾನು ಕೋಳಿಯ ವಿಷಯದಲ್ಲಿ ಪಂಡಿತನಾಗಿದ್ದೆ.

ರಮಾಬಾಯಿ ಗೊಳಸಂಗಿ ಕಡೆಯ ಒಂದು ಹಳ್ಳಿಯವರು, ಬೌದ್ಧರ ಓಣಿಯವರು. ಆಗ ಅವರಿಗೆ ನಲವತ್ತರ ಆಸುಪಾಸು. ಹಿಂದಿನ ಬೇಸಿಗೆಯಲ್ಲಿ ಅವರನ್ನು ಆ ಊರಿನ ಪಶು ಸಖಿ ಎಂದು ಆರಿಸಿದ್ದರು. ಹಳ್ಳಿಯ ಹೆಣ್ಣುಮಕ್ಕಳಲ್ಲೇ ಒಬ್ಬರಿಗೆ ತರಬೇತಿ ಕೊಟ್ಟು, ಕುರಿ ಕೋಳಿಗಳಿಗೆ ಲಸಿಕೆ ಹಾಕುವುದು, ಜಂತಿನ ಔಷಧಿ ಕುಡಿಸುವುದು, ರೋಗ ಕಂಡರೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸುವುದು ಮುಂತಾದ ಕೆಲಸ ವಹಿಸುತ್ತಾರೆ, ಅವರೇ ಪಶು ಸಖಿ. ಮೊದಲ ವರ್ಷ ಪರೀಕ್ಷೆಗೆಂದು ಇಟ್ಟುಕೊಳ್ಳುವುದು. ಮುಂದುವರಿಸಬೇಕೋ ಬೇಡವೋ ಎಂಬುದಕ್ಕೆ ಆ ಭಾಗದ ಪಶುವೈದ್ಯನ ಮಾತೇ ಮುಖ್ಯ.

ಆ ಕೆಲಸ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ಒಮ್ಮೆ ಕುರಿಗಳಿಗೆ ಲಸಿಕೆ ಹಾಕುವಾಗ ಅವರೇ ಹೇಳಿದ್ದರು.

"ಮೊದಲ ಮ್ಯಾಲಿನ ಓಣ್ಯಾಗ ಏನರ ಕೆಲಸಕ್ಕ ಹೋದ್ರ ಹೊರಗ ನಿಂದ್ರಿಸಿ ಮಾತಾಡ್ಸಿ ಕಳಸ್ತಿದ್ರು. ಈಗ ಲಸಿಕಿ ಡಬ್ಬಿ ಹಿಡಕೊಂಡು ಹೋದ್ರ, ಬಾ ಒಳಗ, ಹಿತ್ತಲದಾಗ ಅದಾವು ಅಂತಾರ್ರಿ."

ಹೇಳುವಾಗ ಅವರ ಮುಖ ಅರಳಿತ್ತು. ನಾನು ಸೂಜಿಗೆ ಔಷಧಿ ಎಳೆದುಕೊಳ್ಳುತ್ತ, "ಚಲೋ ಆತಲ್ಲ" ಎಂದೆ.

ದೀಪಾವಳಿ ಮುಗಿದು ವಾರವಾಗಿರಬೇಕು, ಪಕ್ಕದ ಊರಿನಲ್ಲಿ ಕೋಳಿಗಳು ಸಾಯಲಾರಂಭಿಸಿದವು. ಕತ್ತು ತಿರುಚಿಕೊಂಡು, ಹಸಿರು ಬೇಧಿ ಹಾಕಿ, ಒಂದೆರಡು ದಿನಗಳಲ್ಲಿ ಗೂಡಿಗೆ ಗೂಡೇ ಖಾಲಿ. ಕೊಕ್ಕರೆ ರೋಗ. ರಾಣಿಖೇತ್ ಎಂದರೂ ಅದೇ. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆ ಒಂದೇ ದಾರಿ. ರಮಾಬಾಯಿಯ ಊರಿನಲ್ಲಿ ಎಲ್ಲ ಕೋಳಿಗಳಿಗೂ ಲಸಿಕೆ ಹಾಕಿಸಿದೆ. ಲಸಿಕೆ ಮೈಗೆ ಹತ್ತಿ ಪಕ್ಕದ ಊರಿನ ರೋಗ ತಣ್ಣಗಾಗುವವರೆಗೆ, ಇಪ್ಪತ್ತೊಂದು ದಿನ, ಒಂದು ಕೋಳಿಯನ್ನೂ ಹೊರಗೆ ಬಿಡಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಆ ಸಲಹೆ ಸರಿಯಾಗಿಯೇ ಇತ್ತು. ಈ ಕಥೆಯಲ್ಲಿ ನಾನು ಮಾಡಿದ ಸರಿ ಕೆಲಸ ಅದೊಂದೇ.

ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಸಂಜೆವರೆಗೂ ತಿಪ್ಪೆ, ಬೇಲಿ, ಕಣ ಎಂದು ಊರೆಲ್ಲ ಸುತ್ತಿ ಮೇಯುವ ಕೋಳಿಯನ್ನು ಕೂಡಿಹಾಕಲು ಜನ ಸುಲಭಕ್ಕೆ ಒಪ್ಪುವುದಿಲ್ಲ. ರಮಾಬಾಯಿ ಮನೆ ಮನೆಗೆ ಹೋಗಿ ಒಪ್ಪಿಸಿದರು. ತಮ್ಮ ಮನೆಯಲ್ಲದೆ ಹನ್ನೊಂದು ಮನೆ. ತಗಡು, ಹಳೆಯ ಮೀನಿನ ಬಲೆ, ತೊಗರಿ ಕಟ್ಟಿಗೆ ಏನು ಸಿಕ್ಕಿತೋ ಅದರಲ್ಲಿ ಹಿತ್ತಲಲ್ಲೇ ದೊಡ್ಡಿ ಕಟ್ಟಿಸಿದರು. "ನಿಮ್ಮ ಕೋಳಿಗೆ ಏನಾದ್ರೂ ನನ್ನ ಕೇಳ್ರಿ" ಎಂದು ಎಲ್ಲರಿಗೂ ಮಾತು ಕೊಟ್ಟರು. ಆ ಮಾತು ಉಳಿದರೆ ಅವರ ಕೆಲಸ ಉಳಿಯುತ್ತಿತ್ತು.

ಎಂಟನೆಯ ದಿನ ಬಸ್ಸು ಹಿಡಿದು ಆಸ್ಪತ್ರೆಗೆ ಬಂದರು. ನಮ್ಮ ಸಹಾಯಕ ಮಹಾದೇವಪ್ಪ ಇದ್ದ, ಎಮ್ಮೆ ಹೊಡೆದುಕೊಂಡು ಬಂದ ನಾಲ್ಕೈದು ಮಂದಿ ರೈತರೂ ಇದ್ದರು.

"ಸಾಹೇಬ್ರ, ಕೋಳಿ ಒಂದರ ಪುಚ್ಚ ಒಂದು ಕಿತ್ತಾಕತ್ತಾವ್ರಿ. ರಗತ ಬಂದ ಕಡೆ ಎಲ್ಲಾವೂ ಕೂಡಿ ಕುಕ್ಕತಾವು."

"ಏನು ಹಾಕಾಕತ್ತೀ?"

"ಜ್ವಾಳದ ನುಚ್ಚು, ಸಜ್ಜಿ. ಹೊಟ್ಟಿ ತುಂಬ ತಿಂತಾವ್ರಿ. ಜಡ್ಡು ಏನೂ ಇಲ್ಲ. ನನಗ ಅನಸ್ತದ, ಕೋಳಿಗೆ ಬ್ಯಾಸರ ಆಗೇತ್ರಿ."

ನಾನು ಪೆನ್ನು ಕೆಳಗಿಟ್ಟೆ. "ಹಂಗಾದ್ರ ಒಂದು ಟಿವಿ ತಂದಿಡು ದೊಡ್ಡ್ಯಾಗ. ಕುಂತು ಧಾರಾವಾಹಿ ನೋಡ್ಲಿ" ಎಂದೆ.

ಮಹಾದೇವಪ್ಪ ನಕ್ಕ. ಎಮ್ಮೆಯವರು ನಕ್ಕರು. ನಕ್ಕವರನ್ನು ನೋಡಿ ನನಗೆ ಇನ್ನಷ್ಟು ನಗು ಬಂತು. ರಮಾಬಾಯಿ ಕೂಡ ಮರ್ಯಾದೆಗೆಂದು ಸ್ವಲ್ಪ ನಕ್ಕು, ಸೆರಗು ಎಳೆದುಕೊಂಡು ನಿಂತರು. ಖನಿಜಾಂಶದ ಒಂದು ಟಾನಿಕ್ ಬಾಟಲಿ ಕೊಟ್ಟು, ನೀರಿನಲ್ಲಿ ಹಾಕು ಎಂದು ಹೇಳಿ ಕಳಿಸಿದೆ.

ಕೋಳಿಗಳು ಒಂದನ್ನೊಂದು ಕುಕ್ಕುವುದಕ್ಕೆ ಪುಸ್ತಕದಲ್ಲಿ ಕಾರಣಗಳ ಪಟ್ಟಿಯೇ ಇದೆ. ಇಕ್ಕಟ್ಟು, ಅತಿಯಾದ ಬೆಳಕು, ಉಪ್ಪು ಅಥವಾ ಪ್ರೋಟೀನಿನ ಕೊರತೆ, ಮತ್ತು ಮಾಡಲು ಕೆಲಸವಿಲ್ಲದೆ ಇರುವುದು. ಆ ಕೊನೆಯ ಕಾರಣವನ್ನು ನಾನೇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಇಂಗ್ಲಿಷಿನಲ್ಲಿ ಓದಿದಾಗ ಅದು ವಿಜ್ಞಾನವಾಗಿತ್ತು. ಓಣಿಯ ಹೆಂಗಸೊಬ್ಬಳು "ಬ್ಯಾಸರ" ಎಂದಾಗ ತಮಾಷೆಯಾಯಿತು. ನಮ್ಮ ಓಣಿಯ ಯಾವುದೋ ಮೇಷ್ಟರು ಅದೇ ಮಾತು ಹೇಳಿದ್ದರೆ ನಾನು ನಗುತ್ತಿದ್ದೆನೇ? ನಗುತ್ತಿರಲಿಲ್ಲ.

ಎರಡು ದಿನಕ್ಕೆ ವಿಜಯಪುರದಲ್ಲಿ ನಮ್ಮ ಮಾಸಿಕ ಸಭೆ. ಊಟದ ಹೊತ್ತಿಗೆ ಎಲ್ಲರ ಮುಂದೆ ಅದನ್ನೇ ಹೇಳಿದೆ, ಬಣ್ಣ ಹಚ್ಚಿ, ಅವರ ದನಿ ಅನುಕರಿಸಿ. "ಆಕಿ ಹೆಸರು ರಮಾಬಾಯಿ ಅಲ್ಲೋ ಮಾರಾಯ, ಬ್ಯಾಸರಬಾಯಿ" ಎಂದೆ. ಮಜ್ಜಿಗೆ ಕುಡಿಯುತ್ತಿದ್ದವನೊಬ್ಬನಿಗೆ ನೆತ್ತಿಗೇರಿತು, ಅಷ್ಟು ನಗು. ಸಂಜೆಯ ಹೊತ್ತಿಗೆ ನಮ್ಮ ವಾಟ್ಸಪ್ ಗುಂಪಿನಲ್ಲಿ ಟಿವಿ ನೋಡುವ ಕೋಳಿಯ ಚಿತ್ರ ಬಂತು, ಕೆಳಗೆ ಆ ಹೆಸರು. ಅಲ್ಲಿಂದ ಅದು ಯಾರ ಮೊಬೈಲಿಗೆ ಹೋಯಿತೋ, ಹೆಸರು ಅವರ ಊರನ್ನೇ ಮುಟ್ಟಿತು. ಅದನ್ನು ಹುಟ್ಟಿಸಿದವನು ನಾನು.

ಹನ್ನೊಂದನೆಯ ದಿನ ಅವರ ಫೋನು ಬಂತು. ಟಾನಿಕ್ ನಾಟಿಲ್ಲ, ಒಂದು ಕೋಳಿಯ ಬೆನ್ನಿನ ಮಾಂಸ ಕಾಣುತ್ತಿದೆ, ಬೇರೆ ಮನೆಗಳಲ್ಲೂ ಶುರುವಾಗಿದೆ ಎಂದರು. ಆಗ ನನ್ನ ಪಾಂಡಿತ್ಯ ಎದ್ದು ನಿಂತಿತು. ಫಾರ್ಮುಗಳಲ್ಲಿ ಕುಕ್ಕಾಟ ತಡೆಯಲು ಡಿಬೀಕಿಂಗ್ ಮಾಡುತ್ತಾರೆ, ಅಂದರೆ ಕಾದ ಅಲಗಿನ ಯಂತ್ರದಲ್ಲಿ ಕೊಕ್ಕಿನ ತುದಿ ಕತ್ತರಿಸುವುದು. ಅದನ್ನು ಎಳೆಯ ಮರಿಗಳಿಗೆ, ಕೈ ಪಳಗಿದವರು ಮಾಡುತ್ತಾರೆ. ನಾನು ಪರಿಚಯದ ಫಾರ್ಮಿನಿಂದ ಯಂತ್ರ ತರಿಸಿ, ಮರುದಿನ ಬೆಳಗ್ಗೆ ಜೀಪಿನಲ್ಲಿಟ್ಟುಕೊಂಡು ಹೋದೆ.

ರಮಾಬಾಯಿ ಯಂತ್ರವನ್ನು ನೋಡಿದರು, ನನ್ನನ್ನು ನೋಡಿದರು.

"ಚುಂಚ ಕೊಯ್ದ್ರ ಹೆಂಗ ಆರಿಸಿ ತಿಂತಾವ್ರಿ?"

"ಫಾರ್ಮಿನ್ಯಾಗ ಸಾವಿರ ಕೋಳಿ ತಿನ್ನೂದಿಲ್ಲೇನು? ನೀ ಹಿಡಿ ಸಾಕು."

ಆಗ ನಾನು ಅವರಿಗೆ ನೀ ಎನ್ನುತ್ತಿದ್ದೆ. ಅವರು, "ಹಂಗಾದ್ರ ಇವತ್ತ ನಮ್ಮವು ಅಷ್ಟ ಮಾಡ್ರಿ. ಮಂದೀವು ಆಮ್ಯಾಲ ನೋಡೂನು" ಎಂದರು. ನನ್ನ ಮೇಲಿನ ನಂಬಿಕೆಗೆ ತಮ್ಮ ಕೋಳಿಗಳನ್ನು ಮೊದಲು ಮುಂದೆ ಮಾಡುತ್ತಿದ್ದಾರೆ ಎಂದುಕೊಂಡು ಉಬ್ಬಿಹೋದೆ.

ಇಪ್ಪತ್ತೆರಡು ಕೋಳಿ. ಅವರು ಒಂದೊಂದನ್ನೇ ಹಿಡಿದು ತೊಡೆಯ ಮೇಲಿಟ್ಟುಕೊಂಡರು, ನಾನು ಕೊಯ್ದೆ. ಬೆಳೆದ ಕೋಳಿಯ ಕೊಕ್ಕು ಗಟ್ಟಿ, ಅದರೊಳಗೆ ಜೀವಂತ ನರ ಇದೆ. ನಾಟಿ ಕೋಳಿ ಸುಮ್ಮನೆ ಕೂಡುವುದೂ ಇಲ್ಲ. ಮೂರನೇ ಒಂದು ಭಾಗ ಎಂದು ಶುರು ಮಾಡಿದ್ದು ಕೆಲವಕ್ಕೆ ಅರ್ಧದವರೆಗೂ ಹೋಯಿತು. ಸುಟ್ಟ ವಾಸನೆ ಬಂತು. ಅವರ ಸೀರೆಯ ಮೇಲೆ ರಕ್ತ ಬಿತ್ತು. ನಡುವೆ ಒಮ್ಮೆ ಅವರು ಕಣ್ಣು ಒರೆಸಿಕೊಂಡರು, ಮುಂದಿನ ಕೋಳಿಯನ್ನು ಹಿಡಿದುಕೊಟ್ಟರು. ನಾನು ಕೈ ತೊಳೆದು, "ನೋಡು, ಇನ್ನ ಒಂದೂ ಕುಕ್ಕೂದಿಲ್ಲ" ಎಂದು ಹೇಳಿ ಜೀಪು ಹತ್ತಿದೆ. ಮಾತು ನಿಜವೇ ಆಯಿತು. ಕಾಳನ್ನೂ ಅವು ಕುಕ್ಕಲಿಲ್ಲ.

ಉಳಿದ ಮನೆಗಳ ಕೋಳಿಗಳಿಗಾಗಿ ನಾನು ಮರಳಿ ಹೋದದ್ದು ಇಪ್ಪತ್ತನೆಯ ದಿನ. ಯಂತ್ರ ಜೀಪಿನಲ್ಲೇ ಇತ್ತು. ಮೊದಲು ಹೊಕ್ಕದ್ದು ಮೇಲಿನ ಓಣಿಯ ಕಾಶವ್ವ ಎಂಬ ವಯಸ್ಸಾದ ಹೆಂಗಸಿನ ಹಿತ್ತಲಿಗೆ. ಕುಕ್ಕಾಟದ ಸುಳಿವೇ ಇರಲಿಲ್ಲ. ದೊಡ್ಡಿಯೊಳಗೆ ಮೊಳಕಾಲೆತ್ತರ ಜೋಳದ ಹೊಟ್ಟು ಮತ್ತು ಒಣಗಿದ ಎಲೆಯ ರವದಿ ಸುರಿದಿತ್ತು, ಅದರೊಳಗೆ ಒಂದೆರಡು ಹಿಡಿ ಸಜ್ಜೆಯನ್ನು ಬೆರೆಸಿದ್ದರು. ಕೋಳಿಗಳು ಆ ಕಾಳಿಗಾಗಿ ಹಿಂದಕ್ಕೆ ಮುಂದಕ್ಕೆ ಕಾಲು ಕೆದರುತ್ತ ಮುಳುಗಿಹೋಗಿದ್ದವು. ಮೂಲೆಯಲ್ಲಿ ಒಂದು ಹಳೆಯ ಬುಟ್ಟಿಯ ತುಂಬ ಒಲೆಯ ಬೂದಿ ಮತ್ತು ಮಣ್ಣು. ಎರಡು ಕೋಳಿ ಅದರಲ್ಲಿ ಹೊರಳಾಡುತ್ತಿದ್ದವು; ಹಾಗೆ ಹೊರಳಿದರೆ ಮೈಯ ಹೇನು ಉದುರುತ್ತವೆ. ಮೇಲಿನ ಗಳುವಿಗೆ ಮೆಂತೆ, ರಾಜಗಿರಿ ಸೊಪ್ಪಿನ ಕಟ್ಟುಗಳನ್ನು ಕೋಳಿಯ ತಲೆಗಿಂತ ಒಂದು ಗೇಣು ಮೇಲೆ ತೂಗುಬಿಟ್ಟಿದ್ದರು, ಹಾರಿ ಹಾರಿ ಕಿತ್ತು ತಿನ್ನಲಿ ಎಂದು. ಅಡ್ಡಲಾಗಿ ಒಂದು ಕಟ್ಟಿಗೆ, ಹತ್ತಿ ಕೂಡಲು. ಇದನ್ನೆಲ್ಲ ಮಾಡಿಸಿದ್ದು ರಮಾಬಾಯಿ ಎಂದಳು ಕಾಶವ್ವ. ದಿನಾ ಬಂದು ಒಂದು ವಸ್ತುವಿನ ಜಾಗ ಬದಲಿಸಿ ಹೋಗುತ್ತಾಳೆ, ಅದ್ಯಾಕೋ ತನಗೆ ತಿಳಿಯದು ಎಂದಳು. ಹನ್ನೊಂದೂ ಮನೆಗಳಲ್ಲಿ ಹಾಗೆಯೇ ಇತ್ತು.

ಕಡೆಗೆ ಅವರ ಮನೆಗೆ ಹೋದೆ. ಅವರು ನೆಲದ ಮೇಲೆ ಕೂತು, ನೆನೆಸಿದ ನುಚ್ಚನ್ನು ಬೆರಳಲ್ಲಿ ತೆಗೆದು ಒಂದು ಕೋಳಿಯ ಬಾಯಿಗೆ ಇಡುತ್ತಿದ್ದರು. ಇಪ್ಪತ್ತೆರಡರಲ್ಲಿ ಒಂಬತ್ತು ಸತ್ತಿದ್ದವು. ಉಳಿದವು ಕಾಳು ಎತ್ತಲಾರದೆ ಸೊರಗಿ ನಿಂತಿದ್ದವು.

"ಆ ಮನಿಗೋಳಾಗ ಮಾಡಿದ್ದು ನಿನಗ ಯಾರು ಹೇಳಿಕೊಟ್ರು?" ಎಂದೆ.

"ಯಾರ ಹೇಳ್ಬೇಕ್ರಿ? ಹೊರಗ ಬಿಟ್ರ ಅವು ಏನು ಮಾಡ್ತಾವಂತ ದಿನಾ ನೋಡೀನಿ. ತಿಪ್ಪಿಗೆ ಅವು ಹೋಗಾಕ ಬರೂದಿಲ್ಲ, ತಿಪ್ಪೀನ ಒಳಗ ತಂದೆ."

"ಹಂಗಾದ್ರ ನಿನ್ನವಕ್ಕ ಯಾಕ ಮಾಡ್ಲಿಲ್ಲ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ತಲೆ ಎತ್ತಲಿಲ್ಲ.

"ಮಾಡಬೇಕೋ ಬ್ಯಾಡೋ ನಿಮಗ ಕೇಳೂನಂತ ಆಸ್ಪತ್ರಿಗೆ ಬಂದಿದ್ನಿ. ನೀವು ನಕ್ರಿ, ನನಗ ಧೈರ್ಯ ಸಾಲಲಿಲ್ಲ. ಆಮ್ಯಾಲ ಮಶೀನ್ ತಂದ್ರಿ. ಬ್ಯಾಡ ಅಂದ್ರ ನೀವು ಸಿಟ್ಟಾಗ್ತೀರಿ, ವರ್ಷದ ಕೊನೀಗೆ ನಿಮ್ಮ ಸಹಿ ಬೇಕ್ರಿ ನನಗ. ನಮ್ಮವು ಹೋದ್ರ ಹೋಗ್ಲಿ, ಮಂದಿ ಕೋಳಿ ಉಳೀಲಿ ಅಂದ್ನಿ."

ಅವರು ನನ್ನನ್ನು ನಂಬಿ ತಮ್ಮ ಕೋಳಿ ಕೊಟ್ಟಿರಲಿಲ್ಲ. ನನ್ನಿಂದ ಊರಿನ ಕೋಳಿಗಳನ್ನು ಉಳಿಸಲು ತಮ್ಮವನ್ನು ಕೊಟ್ಟಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಾಗೆಂದು ತಪ್ಪಾಯಿತು ಎಂದೂ ಹೇಳಲಿಲ್ಲ. ಗಾಯಕ್ಕೆ ಒಂದು ಮುಲಾಮು ಕೊಟ್ಟು ಹೊರಟುಬಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದನ್ನು ಅವಸರದಲ್ಲಿ ಆದ ತಪ್ಪು ಎನ್ನಬಹುದಿತ್ತು. ಆ ಹಿತ್ತಲುಗಳ ಫೋಟೊಗಳನ್ನು ನಾನು ಮೇಲಧಿಕಾರಿಗಳಿಗೆ ಕಳಿಸಿದೆ. ಕೂಡಿಹಾಕಿದ ಕೋಳಿಗಳ ಆರೈಕೆ ಎಂದು ಒಂದು ಕರಪತ್ರ ಬರೆದುಕೊಡಿ ಎಂದರು. ಬರೆದೆ. ಹೊಟ್ಟು, ಬೂದಿ ಬುಟ್ಟಿ, ತೂಗುಬಿಟ್ಟ ಸೊಪ್ಪು, ದಿನಕ್ಕೊಂದು ಬದಲಾವಣೆ, ಎಲ್ಲ ಬಂತು. ಕೆಳಗೆ ನನ್ನ ಹೆಸರು ಬಂತು. ಅವರ ಹೆಸರು ಬರಲಿಲ್ಲ. ತಾಳಿಕೋಟೆಯಲ್ಲಿ ನಡೆದ ಒಂದು ತರಬೇತಿಯಲ್ಲಿ ಅದಕ್ಕಾಗಿ ನನಗೆ ಶಾಲು ಹೊದಿಸಿದರು, ನಾನು ಹೊದ್ದುಕೊಂಡೆ.

ಬೇಸಿಗೆಗೆ ಪಶು ಸಖಿಯರನ್ನು ಮುಂದುವರಿಸುವ ಸಭೆ ನಡೆಯಿತು. ರಮಾಬಾಯಿಯ ಹೆಸರು ಬಂದಾಗ ಮೇಜಿನ ಆ ಬದಿಯಿಂದ ಒಬ್ಬರು, "ಅಂದ್ರ ಬ್ಯಾಸರಬಾಯಿ?" ಎಂದರು. ಎಲ್ಲರೂ ನಕ್ಕರು. ಆ ಊರಿನಿಂದ ಬಂದಿದ್ದ ಪಂಚಾಯಿತಿ ಸದಸ್ಯರೊಬ್ಬರು, "ಊರವರ ಕೋಳಿ ಎಲ್ಲಾ ಚಲೋ ಅದಾವ್ರಿ. ಈಕಿ ಮನ್ಯಾಗ ಅಷ್ಟ ಸತ್ತಾವು. ತನ್ನವು ಉಳಿಸಿಕೊಳ್ಳದಾಕಿ ಮಂದೀವು ಏನು ನೋಡ್ತಾಳ?" ಎಂದರು. ಅಧ್ಯಕ್ಷತೆ ವಹಿಸಿದ್ದವರು ನನ್ನ ಕಡೆ ತಿರುಗಿ, "ಡಾಕ್ಟರ್, ನೀವೇನಂತೀರಿ?" ಎಂದು ಕೇಳಿದರು.

ಆ ಕೋಳಿಗಳ ಕೊಕ್ಕು ಕೊಯ್ದವನು ನಾನು ಎಂದು ಒಂದು ವಾಕ್ಯ ಹೇಳಿದರೆ ಸಾಕಿತ್ತು. ಬಾಗಿಲು ತೆರೆದೇ ಇತ್ತು, ಹೊರಗಿನ ಬೆಂಚಿನ ಮೇಲೆ ರಮಾಬಾಯಿ ಕೂತಿದ್ದರು. ಅವರಿಗೆ ಎಲ್ಲವೂ ಕೇಳಿಸುತ್ತಿತ್ತು. ನಾನು ಕಡತದ ಹಾಳೆ ತಿರುಗಿಸಿ, "ಸಭೆ ಹೆಂಗ ತೀರ್ಮಾನ ಮಾಡ್ತದೋ ಹಂಗ" ಎಂದೆ. ಬೇರೊಬ್ಬರ ಹೆಸರು ಬರೆದುಕೊಂಡರು. ಹೊರಗೆ ಬಂದಾಗ ಬೆಂಚು ಖಾಲಿ ಇತ್ತು.

ಮೂರು ವರ್ಷಕ್ಕೆ ನಿವೃತ್ತನಾದೆ. ಮನೆಯಲ್ಲಿ ಕೂತವನಿಗೆ ಕೆಲಸವಿಲ್ಲದ ಬೇಸರ ಏನೆಂದು ಚೆನ್ನಾಗಿ ಗೊತ್ತಾಯಿತು, ಅದು ಬೇರೆ ಮಾತು. ಹೋದ ವರ್ಷ ಯಾವುದೋ ಕೃಷಿ ಮೇಳದಲ್ಲಿ ಆ ಕರಪತ್ರವನ್ನು ಮತ್ತೆ ಅಚ್ಚು ಹಾಕಿ ಹಂಚುತ್ತಿದ್ದರು. ಒಂದು ಪ್ರತಿ ನನ್ನ ಕೈಗೂ ಬಂತು. ಅಂದು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ.  "ನಂಗ ಹೇಳಿದ್ರ ಏನು ಬಂತು? ಅವರಿಗೆ ಹೇಳ್ರಿ" ಎಂದಳು. ಮರುದಿನವೇ ಬಸ್ಸು ಹತ್ತಿದೆ.

ರಮಾಬಾಯಿ ಹಿತ್ತಲಲ್ಲಿ ತೊಗರಿ ಕೇರುತ್ತಿದ್ದರು. ಕೂಡಲು ಚಾಪೆ ಹಾಸಿದರು. ನಾನು ಕೂತು, ಮೊದಲ ಬಾರಿಗೆ ನೀವು ಎಂದು ಕರೆದು, ನಗೆಯಾಡಿದ್ದು, ಹೆಸರಿಟ್ಟಿದ್ದು, ಕೊಕ್ಕು ಕೊಯ್ದದ್ದು, ಸಭೆಯಲ್ಲಿ ಬಾಯಿ ಮುಚ್ಚಿಕೊಂಡದ್ದು, ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದೆ. ಅವರು ಮೊರ ಕೆಳಗಿಡದೆ ಕೇಳಿಸಿಕೊಂಡರು.

"ಇದು ನನಗ ಯಾಕ ಹೇಳ್ತೀರಿ ಸಾಹೇಬ್ರ? ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ರಿ."

ಮೊರ ಇಟ್ಟು, ಚಪ್ಪಲಿ ಮೆಟ್ಟಿ ಮುಂದೆ ನಡೆದರು. ನಾನು ಹಿಂದೆ. ಕಾಶವ್ವನ ಬಾಗಿಲಲ್ಲಿ ನಿಂತು, "ಅತ್ತಿ, ಹೊರಗ ಬಾ. ಡಾಕ್ಟರ್ ಸಾಹೇಬ್ರು ಏನೋ ಹೇಳಾಕ ಬಂದಾರ" ಎಂದು ಕೂಗಿ, ಪಕ್ಕಕ್ಕೆ ಸರಿದು ನಿಂತರು.

ಕಾಶವ್ವ ಕಣ್ಣು ಕಿರಿದು ಮಾಡಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. "ಅಯ್ಯ ನನ ತಾಯಿ" ಎಂದಳು. "ತನ್ನ ಕೋಳೀನ ಸತ್ತಾವು, ಈಕಿ ಕೈಗುಣ ಚಲೋ ಇಲ್ಲ, ಈಕಿ ಮುಟ್ಟಿದ್ದು ಉಳಿಯೂದಿಲ್ಲ ಅಂತ ನಾವು ಇಷ್ಟು ವರ್ಷ..." ಎಂದವಳು ರಮಾಬಾಯಿಯ ಮುಖ ನೋಡಿ ಮಾತು ನಿಲ್ಲಿಸಿದಳು. ಅಷ್ಟು ವರ್ಷ ಆ ಓಣಿಯಲ್ಲಿ ಅವರನ್ನು ಯಾರೂ ಹಿತ್ತಲಿಗೆ ಕರೆದಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗ. ನಾನು ಒಂದು ನೌಕರಿ ತಪ್ಪಿಸಿದೆ ಎಂದಷ್ಟೇ ತಿಳಿದಿದ್ದೆ. ಒಬ್ಬರ ಕೈಯ ಮೇಲಿದ್ದ ಊರಿನ ನಂಬಿಕೆಯೇ ಹೋಗುವಂತೆ ಮಾಡಿದ್ದೆ.

ಮುಂದಿನ ಮನೆ, ಅದರ ಮುಂದಿನ ಮನೆ. ಪ್ರತಿ ಬಾಗಿಲಲ್ಲೂ ಅವರು ಕರೆದು ಸರಿದು ನಿಲ್ಲುವುದು, ನಾನು ಅದನ್ನೇ ಮತ್ತೆ ಹೇಳುವುದು. ಐದನೆಯ ಮನೆಯ ಹೊತ್ತಿಗೆ ನನ್ನ ಬಾಯಿ ಒಣಗಿತ್ತು. ಒಂದು ಕಡೆ ನಕ್ಕರು, ಒಂದು ಕಡೆ ಬೈದರು. ಹನ್ನೊಂದರಲ್ಲಿ ಎರಡು ಮನೆಗೆ ಬೀಗ ಹಾಕಿತ್ತು. ನಾನು ಬಸ್ಸಿನ ಹೊತ್ತಾಯಿತೆಂದು ಕೈಗಡಿಯಾರ ನೋಡಿಕೊಂಡೆ.

"ಎರಡು ಉಳದಾವ್ರಿ" ಎಂದರು ರಮಾಬಾಯಿ. "ನಾಳೆ ಬರ್ರಿ."

ಮರುದಿನ ಹೋದೆ.

ಪಶು ಸಖಿಯ ಕೆಲಸ ಅವರಿಗೆ ಮರಳಿ ಸಿಕ್ಕಿಲ್ಲ. ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬಂದಿಲ್ಲ. ನೌಕರಿ ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ಈಗ ಇಷ್ಟು ಹೇಳಬಲ್ಲೆ: ಹತ್ತು ಜನರ ಮುಂದೆ ಒಬ್ಬರನ್ನು ಸಣ್ಣವರನ್ನಾಗಿ ಮಾಡಿ, ಆಮೇಲೆ ಒಬ್ಬರೇ ಇದ್ದಾಗ ಹೋಗಿ ತಪ್ಪಾಯಿತು ಎಂದರೆ, ಅದು ನಮ್ಮ ಮನಸ್ಸಿನ ಸಮಾಧಾನಕ್ಕಷ್ಟೇ ಆಗುತ್ತದೆ. ಆ ಹತ್ತು ಜನರ ಬಳಿ ಹೋಗಬೇಕು. ಆ ಊರಿನ ಬಾಗಿಲುಗಳು ಮುಗಿದವು. ವಿಜಯಪುರದ ಊಟದ ಹೊತ್ತಿನಲ್ಲಿ ನನ್ನ ಜೊತೆ ನಕ್ಕವರು, ಆಯ್ಕೆಯ ಸಭೆಯಲ್ಲಿ ಕೂತವರು, ಕರಪತ್ರ ಓದಿದವರು ಎಲ್ಲೆಲ್ಲೋ ಇದ್ದಾರೆ. ಅವರ ಬಾಗಿಲುಗಳು ನನಗೆ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಆ ಕೋಳಿಗಳು ಸತ್ತದ್ದು ನನ್ನ ಕೈಯಿಂದ. ಕರಪತ್ರದಲ್ಲಿರುವ ಪ್ರತಿಯೊಂದು ಉಪಾಯವೂ ರಮಾಬಾಯಿಯವರದು. ಅವರ ಕೈಗುಣ ಚೆನ್ನಾಗಿದೆ.